ಬ್ರೇಕು ಕಾದಾಗ...

ಹೊಸ ಕಾರು ಕೊಂಡವರನ್ನು ಸುಮ್ಮನೆ ಮಾತಿಗೆಳೆದು ನೋಡಿ. ಎಂಜಿನ್ನಿನ ಅಶ್ವಶಕ್ತಿ ಎಷ್ಟು, ನಿಂತಲ್ಲಿಂದ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಸಾಕು, ಲೀಟರಿಗೆ ಎಷ್ಟು ಓಡುತ್ತದೆ, ಎಲ್ಲವೂ ನಾಲಗೆಯ ತುದಿಯಲ್ಲೇ ಇರುತ್ತದೆ. ಅದೇ ಕಾರು ನೂರರ ವೇಗದಿಂದ ನಿಲ್ಲಲು ಎಷ್ಟು ದೂರ ಬೇಕು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಜಾಹೀರಾತುಗಳೂ ಅದನ್ನು ಹೇಳುವುದು ಅಪರೂಪ. ಓಡುವುದಕ್ಕಿರುವ ಬೆಡಗು ನಿಲ್ಲುವುದಕ್ಕಿಲ್ಲ.

ಪೇಟೆಯ ರಸ್ತೆಯಲ್ಲಿ ಇದನ್ನು ತಿಳಿಯದೆಯೂ ದಿನ ಕಳೆಯಬಹುದು. ಅಲ್ಲಿ ಬ್ರೇಕಿಗೆ ತನ್ನ ಪೂರ್ತಿ ಶಕ್ತಿ ಬಳಸುವ ಸಂದರ್ಭವೇ ಬರುವುದು ಕಡಿಮೆ. ಆದರೆ ಅದೇ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದು ಹದಿನೈದು ನಿಮಿಷ ಓಡಿಸಿದರೆ ಬ್ರೇಕಿನ ಬಂಡವಾಳವೆಲ್ಲ ಬಯಲಾಗುತ್ತದೆ.

‘ಟ್ರ್ಯಾಕ್ ಡೇ’ ಎಂಬ ಮಾತು ಕೆಲವು ಓದುಗರಿಗೆ ಹೊಸದಿರಬಹುದು. ಇದು ರೇಸಲ್ಲ. ಗೆಲುವು ಸೋಲಿಲ್ಲ, ಬಹುಮಾನವಿಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಧರಿಸಿ, ದಿನವೂ ಆಫೀಸಿಗೆ ಒಯ್ಯುವ ಕಾರನ್ನೇ ರೇಸ್ ಟ್ರ್ಯಾಕಿನ ಮೇಲೆ ಮನದಣಿಯೆ ಓಡಿಸುವ ಅವಕಾಶ ಅಷ್ಟೆ. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ಕಾರುಗಳನ್ನು ಬಿಡುತ್ತಾರೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ, 1927ರಲ್ಲಿ ತೆರೆದ, ಇಪ್ಪತ್ತು ಕಿ.ಮೀ.ಗೂ ಮಿಕ್ಕಿದ ಸುತ್ತಿನಲ್ಲಿ, ಸಾರ್ವಜನಿಕರು ಹಣ ತೆತ್ತು ಕಾರೋಡಿಸುವ ರೂಢಿ ಹಳೆಯದು. ನಮ್ಮ ದೇಶದಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಇದೆ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದದ್ದು ಅಲ್ಲೇ. ಕೊಯಮತ್ತೂರಿನಲ್ಲಿ ಒಂದು ಟ್ರ್ಯಾಕಿದೆ. ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ, ಸುಮಾರು 3.7 ಕಿ.ಮೀ. ಸುತ್ತಳತೆಯ ಟ್ರ್ಯಾಕಿದೆ. ಬೆಂಗಳೂರಿನ ಹವ್ಯಾಸಿಗಳು ಮುನ್ನೂರು ಚಿಲ್ಲರೆ ಕಿ.ಮೀ. ಓಡಿಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಸಂಜೆ ಅದೇ ಕಾರಿನಲ್ಲಿ ಹಿಂದಿರುಗುತ್ತಾರೆ.

ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು. ರೇಸಿನ ಕಾರು ಲಾರಿಯೇರಿ ಬರುತ್ತದೆ, ಲಾರಿಯೇರಿ ಹೋಗುತ್ತದೆ. ಟ್ರ್ಯಾಕ್ ಡೇಗೆ ಬಂದ ಕಾರು ದಣಿದ ಅದೇ ಬ್ರೇಕಿನೊಡನೆ ಹೆದ್ದಾರಿಯಲ್ಲಿ, ಲಾರಿ ಬಸ್ಸುಗಳ ನಡುವೆ, ತಾನೇ ಮನೆ ಸೇರಬೇಕು.

ನೂರರುವತ್ತು ಕೆಟಲ್

ಬ್ರೇಕು ಕಾರನ್ನು ನಿಲ್ಲಿಸುತ್ತದೆ ಎನ್ನುತ್ತೇವೆ. ವಿಜ್ಞಾನದ ಲೆಕ್ಕದಲ್ಲಿ ಅದು ಮಾಡುವ ಕೆಲಸ ಒಂದೇ. ಕಾರಿನ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಉಷ್ಣವಾಗಿ ಪರಿವರ್ತಿಸುವುದು. ಎಂಟನೇ ತರಗತಿಯ ಮಕ್ಕಳಿಗೆ ಅಂಗೈ ಉಜ್ಜಿಸಿ ತೋರಿಸುವ ಪಾಠವೇ ಇದು. ಆದರೆ ಪ್ರಮಾಣ ಬೇರೆ.

ಚಾಲಕನೂ ಸೇರಿ 1200 ಕಿಲೋ ತೂಗುವ ಒಂದು ಕಾರು ನೇರ ದಾರಿಯಲ್ಲಿ ಗಂಟೆಗೆ 150 ಕಿ.ಮೀ. ವೇಗದಲ್ಲಿ ಬಂದು, ತಿರುವಿಗೆ ಮುನ್ನ 60ಕ್ಕೆ ಇಳಿಯಬೇಕೆನ್ನಿ. 150ರ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 10.4 ಲಕ್ಷ ಜೂಲ್. 60ರಲ್ಲಿ 1.7 ಲಕ್ಷ. ಉಳಿದ 8.7 ಲಕ್ಷ ಜೂಲ್ ಎಲ್ಲಿ ಹೋಯಿತು? ಗಾಳಿಯ ತಡೆಗೆ, ಟೈರಿಗೆ ಒಂದಿಷ್ಟು ಸಂದಾಯವಾಗುತ್ತದೆ. ಬಹುಪಾಲು ಬ್ರೇಕಿಗೆ. ಎರಡೂ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವ ಉಷ್ಣ ಇದು. ಒಲೆಯ ಮೇಲೆ ಇದಕ್ಕೆ ಹತ್ತು ಹನ್ನೆರಡು ನಿಮಿಷವಾದರೂ ಬೇಕು. ಟ್ರ್ಯಾಕಿನಲ್ಲಿ ಮೂರೂವರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಒಂದೂವರೆ ಕಿಲೋವಾಟಿನ ನೂರರುವತ್ತು ವಿದ್ಯುತ್ ಕೆಟಲ್‌ಗಳನ್ನು ಒಟ್ಟಿಗೆ ಹಚ್ಚಿಟ್ಟಂತೆ. ನೂರು ಅಶ್ವಶಕ್ತಿಯ ಎಂಜಿನ್ ಕೊಡುವುದು ಹೆಚ್ಚೆಂದರೆ 75 ಕಿಲೋವಾಟ್. ಅಂದರೆ ನಿಮ್ಮ ಕಾರಿನಲ್ಲಿ ಎಂಜಿನ್ನಿಗಿಂತ ಮೂರು ಪಟ್ಟು ಶಕ್ತಿಶಾಲಿಯಾದ ಯಂತ್ರವೊಂದು ಚಕ್ರದ ಒಳಗೆ ಅಡಗಿ ಕೂತಿದೆ!

ಈ ಉಷ್ಣದಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲನ್ನು ಮುಂದಿನ ಎರಡು ಚಕ್ರಗಳೇ ಹೊರುತ್ತವೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದೇ ಇದಕ್ಕೆ ಕಾರಣ. ಮುಂದಿನ ಒಂದೊಂದು ಡಿಸ್ಕೂ ಐದು ಕಿಲೋ ಬೀಡುಕಬ್ಬಿಣವೆಂದು ಹಿಡಿದರೆ, ಒಂದೇ ಒಂದು ಬಾರಿ ಒತ್ತಿದ್ದಕ್ಕೆ ಅದರ ಉಷ್ಣತೆ ಸುಮಾರು 130 ಡಿಗ್ರಿ ಏರಬೇಕು. ಅದು ತಣಿಯುವ ಮೊದಲೇ ಮುಂದಿನ ತಿರುವು ಬರುತ್ತದೆ.

ನಮಗೆ ಪರಿಚಯವಿರುವ ಒಂದು ದಾರಿಗೆ ಹೋಲಿಸಿದರೆ ಇದು ಇನ್ನೂ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಘಾಟಿ ಇಳಿಯುವಾಗ ಕಾರು ಸುಮಾರು 500 ಮೀಟರ್ ಎತ್ತರ ಕಳೆದುಕೊಳ್ಳುತ್ತದೆ. 1200 ಕಿಲೋ ಕಾರಿಗೆ ಇದು 59 ಲಕ್ಷ ಜೂಲ್‌ನ ಲೆಕ್ಕ. ಮೇಲೆ ಹೇಳಿದ 150ರಿಂದ 60ರ ಬ್ರೇಕನ್ನು ಏಳು ಬಾರಿ ಹಾಕಿದರೆ ಅಷ್ಟೇ ಆಯಿತು. ಘಾಟಿಯಲ್ಲಿ ಈ ಉಷ್ಣ ಬಹಳ ಹೊತ್ತು ಹರಡಿಕೊಂಡಿರುತ್ತದೆ. ಲೋ ಗೇರಿನಲ್ಲಿ ಇಳಿಯುವ ಜಾಣ ಚಾಲಕನಾದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನಿಗೇ ಹೊರಿಸುತ್ತಾನೆ. ಸುತ್ತಿಗೆ ನಾಲ್ಕೈದು ಕಡೆ ಬಲವಾಗಿ ಬ್ರೇಕ್ ಒತ್ತಬೇಕಾದ ಟ್ರ್ಯಾಕಿನಲ್ಲಿ ಒಂದೂವರೆ ಸುತ್ತಿಗೇ ಒಂದು ಆಗುಂಬೆ ಮುಗಿಯಿತು. ಒಂದು ಸರದಿಯಲ್ಲಿ ನಾಲ್ಕು ಸಲ ಘಾಟಿ ಇಳಿದಂತೆ, ಅದೂ ನಡುವೆ ಎಲ್ಲೂ ನಿಲ್ಲಿಸದೆ. ಘಾಟಿಯ ಬುಡದಲ್ಲಿ ನಿಂತ ಲಾರಿಗಳ ಚಕ್ರದಿಂದ ಬರುವ ಸುಟ್ಟ ವಾಸನೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಒಂದು ಕಾಲದ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಡ್ರಮ್ ಕಾದಾಗ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಉಷ್ಣ ಒಳಗೇ ಕೂಡಿಕೊಳ್ಳುತ್ತದೆ. ಡಿಸ್ಕ್ ಬಯಲಿನಲ್ಲಿ ಗಾಳಿಗೆ ಒಡ್ಡಿಕೊಂಡಿರುತ್ತದೆ, ಕಾದು ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಜಗತ್ತು ಅದರ ಬೆಲೆ ಅರಿತದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಾಗ. ನೇರ ದಾರಿಯ ಕೊನೆಯಲ್ಲಿ ಉಳಿದವರು ಬ್ರೇಕ್ ಒತ್ತಿದ ಮೇಲೂ ಜಾಗ್ವಾರ್ ಇನ್ನಷ್ಟು ದೂರ ವೇಗವಾಗಿಯೇ ಹೋಗಬಹುದಾಗಿತ್ತು. ಚೆನ್ನಾಗಿ ನಿಲ್ಲಬಲ್ಲ ಕಾರೇ ವೇಗದ ಕಾರು ಎಂಬುದು ಅಂದಿನಿಂದ ರೇಸಿನವರಿಗೆ ಮನವರಿಕೆಯಾದ ಮಾತು.

ಪೆಡಲ್ ಹೇಳುವ ಸುದ್ದಿ

ಕಾದ ಬ್ರೇಕು ಕೈಕೊಡುವುದು ಮುಖ್ಯವಾಗಿ ಎರಡು ಬಗೆ. ಎರಡನ್ನೂ ಚಾಲಕನ ಪಾದವೇ ಗುರುತಿಸಬಲ್ಲದು.

ಮೊದಲನೆಯದು ಪ್ಯಾಡು ಸೋಲುವುದು. ಪ್ಯಾಡ್ ಎಂದರೆ ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದವನ್ನು ರಾಳದಿಂದ ಅಂಟಿಸಿ ಒತ್ತಿ ಮಾಡಿದ ಇಟ್ಟಿಗೆ. ಪೇಟೆಯ ಓಡಾಟಕ್ಕೆಂದು ಮಾಡಿದ ಪ್ಯಾಡು ಮುನ್ನೂರೈವತ್ತು ನಾನೂರು ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗಿನ ರಾಳ ಒಡೆದು ಅನಿಲ ಬಿಡಲಾರಂಭಿಸುತ್ತದೆ. ಡಿಸ್ಕಿಗೂ ಪ್ಯಾಡಿಗೂ ನಡುವೆ ಘರ್ಷಣೆ ಇಳಿದುಹೋಗುತ್ತದೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲಲೊಲ್ಲದು. ಹೊಸ ಪ್ಯಾಡು ಹಾಕಿಸಿಕೊಂಡು ನೇರ ಟ್ರ್ಯಾಕಿಗೆ ಹೋದವರಿಗೆ ಇದು ಇನ್ನೂ ಬೇಗ ಎದುರಾಗುತ್ತದೆ. ಹೊಸ ಪ್ಯಾಡನ್ನು ಮೊದಲು ಖಾಲಿ ದಾರಿಯಲ್ಲಿ ಹಂತಹಂತವಾಗಿ ಕಾಯಿಸಿ, ತಣಿಸಿ ಪಳಗಿಸಬೇಕು. ಆಗ ಡಿಸ್ಕಿನ ಮೇಲೆ ಪ್ಯಾಡಿನ ತೆಳುವಾದ ಸಮನಾದ ಪದರ ಕೂರುತ್ತದೆ.

ಟ್ರ್ಯಾಕಿಗೆಂದೇ ಮಾಡಿದ ಪ್ಯಾಡುಗಳು ಇನ್ನೂ ಹೆಚ್ಚಿನ ಬಿಸಿ ತಾಳುತ್ತವೆ. ಹಾಗೆಂದು ಅವನ್ನೇ ವರ್ಷವಿಡೀ ಇಟ್ಟುಕೊಳ್ಳುವುದೂ ಜಾಣತನವಲ್ಲ. ಅವುಗಳಲ್ಲಿ ಬಹಳಷ್ಟು ತಣ್ಣಗಿರುವಾಗ ಸರಿಯಾಗಿ ಕಚ್ಚುವುದಿಲ್ಲ, ಕಿರುಚುತ್ತವೆ, ಡಿಸ್ಕನ್ನು ಬೇಗ ಸವೆಸುತ್ತವೆ. ಬೆಳಿಗ್ಗೆ ಶಾಲೆಯ ಮುಂದೆ ಅಡ್ಡ ಬಂದ ಮಗುವಿಗೆ ಬ್ರೇಕು ಬಿಸಿಯಾಗುವವರೆಗೆ ಕಾಯುವ ವ್ಯವಧಾನವಿರುವುದಿಲ್ಲ.

ಎರಡನೆಯದು ದ್ರವ ಸೋಲುವುದು. ನನ್ನ ಮಟ್ಟಿಗೆ ಇದೇ ಹೆಚ್ಚು ಭಯದ್ದು. ಏಕೆಂದರೆ ಮುನ್ಸೂಚನೆ ಬಹಳ ಕಡಿಮೆ.

ಪಾಸ್ಕಲನ ನಿಯಮವನ್ನು ತರಗತಿಯಲ್ಲಿ ತೋರಿಸಲು ಎರಡು ಇಂಜೆಕ್ಷನ್ ಸಿರಿಂಜು, ಒಂದು ಡ್ರಿಪ್ ನಳಿಕೆ ಸಾಕು. ಎರಡರಲ್ಲೂ ನೀರು ತುಂಬಿ ನಳಿಕೆಯಿಂದ ಜೋಡಿಸಿ. ಈ ತುದಿಯ ಕೊಳವೆ ಒತ್ತಿದ ಕ್ಷಣವೇ ಆ ತುದಿಯದು ಹೊರಗೆ ಬರುತ್ತದೆ. ನೀರು ಕುಗ್ಗುವುದಿಲ್ಲ, ಒತ್ತಡವನ್ನು ಇದ್ದಂತೆಯೇ ದಾಟಿಸುತ್ತದೆ. ಈಗ ನಡುವೆ ಒಂದು ಅಂಗುಲದಷ್ಟು ಗಾಳಿಯ ಗುಳ್ಳೆ ಸೇರಿಸಿ ಒತ್ತಿ. ಬೆರಳು ಮುಂದೆ ಹೋಗುತ್ತದೆ, ಗುಳ್ಳೆ ಕುಗ್ಗುತ್ತದೆ, ಆ ತುದಿ ಮಿಸುಕುವುದಿಲ್ಲ. ಮಕ್ಕಳು ನಗುತ್ತಾರೆ. ಕಾರಿನ ಬ್ರೇಕಿನಲ್ಲಿ ನಡೆಯುವುದೂ ಅಕ್ಷರಶಃ ಇದೇ.

ನಮ್ಮ ಮೆಕ್ಯಾನಿಕ್ಕುಗಳು ‘ಬ್ರೇಕ್ ಆಯಿಲ್’ ಎನ್ನುವ ದ್ರವ ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಇದಕ್ಕೊಂದು ಸ್ವಭಾವವಿದೆ. ಮಳೆಗಾಲದ ಉಪ್ಪಿನಂತೆ ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಮೆಲ್ಲಗೆ ಒಳಸೇರುತ್ತಲೇ ಇರುತ್ತದೆ. ಡಾಟ್-4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡ 3.7ರಷ್ಟು ನೀರು ಬೆರೆತಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್-3ಕ್ಕೆ ಈ ಅಂಕಿಗಳು 205 ಮತ್ತು 140. ಡಾಟ್-5.1ಕ್ಕೆ 260 ಮತ್ತು 180. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಅಂಗಡಿಯಲ್ಲಿ ಡಾಟ್-5 ಕೇಳಿ ತರಬೇಡಿ. ಅದು ಸಿಲಿಕೋನ್ ದ್ರವ, ಜಾತಿಯೇ ಬೇರೆ, ಇವುಗಳೊಡನೆ ಬೆರೆಸುವಂತಿಲ್ಲ.

ನೀರಿನ ಒಂದು ಹನಿ ಎಷ್ಟು ಹಾನಿ ಮಾಡೀತು ಎಂದು ಕೇಳಬಹುದು. ಸಾಮಾನ್ಯ ಒತ್ತಡದಲ್ಲಿ ನೀರು ಆವಿಯಾದರೆ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಒಂದು ಹನಿಗೆ ಎಂಬತ್ತು ಮಿಲಿಲೀಟರ್ ಆವಿ. ಪೆಡಲನ್ನು ಪೂರ್ತಿ ತುಳಿದರೆ ಮಾಸ್ಟರ್ ಸಿಲಿಂಡರ್ ಮುಂದೆ ನೂಕುವ ದ್ರವ ಹತ್ತು ಮಿಲಿಲೀಟರ್ ಆಸುಪಾಸು ಅಷ್ಟೆ. ಆವಿಯ ಸಣ್ಣ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಆ ನೂಕು ಮುಗಿದುಹೋಗುತ್ತದೆ, ಪ್ಯಾಡಿಗೆ ಏನೂ ಉಳಿಯುವುದಿಲ್ಲ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪ್ರೆಷರ್ ಕುಕ್ಕರಿನಲ್ಲಿ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬ್ರೇಕ್ ಒತ್ತಿ ಹಿಡಿದಿರುವಷ್ಟು ಹೊತ್ತು ದ್ರವದ ಮೇಲೆ ಭಾರೀ ಒತ್ತಡವಿರುವುದರಿಂದ ಅದು ಕುದಿಯುವುದಿಲ್ಲ. ಪಾದ ತೆಗೆದೊಡನೆ ಒತ್ತಡ ಇಳಿಯುತ್ತದೆ, ಕುಕ್ಕರಿನ ಮುಚ್ಚಳ ತೆರೆದಂತಾಗುತ್ತದೆ. ಗುಳ್ಳೆಗಳೇಳುವುದು ಆಗ. ಹೀಗಾಗಿ ಈ ತಿರುವಿನಲ್ಲಿ ಸರಿಯಾಗಿ ಹಿಡಿದ ಬ್ರೇಕು ಮುಂದಿನ ತಿರುವಿನಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆದದ್ದು ಇದೇ. ಮೂರನೆಯ ಸರದಿ, ನೇರ ದಾರಿಯ ಕೊನೆ, ಪೆಡಲ್ ನೆಲ ಕಂಡಿತು. ಅವನು ಗಾಬರಿಯಾಗದೆ ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರು ಇಳಿಸಿ, ಟ್ರ್ಯಾಕಿನ ಹೊರಗಿನ ಬಯಲಿಗೆ ಕಾರನ್ನು ಬಿಟ್ಟ. ಯಾರಿಗೂ ಏನೂ ಆಗಲಿಲ್ಲ. ಒಂದು ಗಂಟೆ ಕಳೆದ ಮೇಲೆ ನೋಡಿದರೆ ಪೆಡಲ್ ಮೊದಲಿನಷ್ಟೇ ಗಟ್ಟಿ! ಇನ್ನೇನು ಸಾಮಾನು ತುಂಬಿ ಊರಿಗೆ ಹೊರಡಬೇಕು, ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಅಡ್ಡ ಬಂದ. “ಈಗ ಸರಿ ಇದೆ ಅನ್ಸೋದೇ ಮೋಸ ಸಾರ್. ಆಯಿಲ್ ಬದಲಾಯಿಸ್ದೆ ಗಾಡಿ ಗೇಟ್ ದಾಟೋದು ಬೇಡ” ಎಂದನಂತೆ. ಬ್ಲೀಡ್ ಮಾಡಿದಾಗ ಮುಂದಿನ ಚಕ್ರಗಳಿಂದ ಬಂದ ದ್ರವ ಕಾಫಿ ಡಿಕಾಕ್ಷನ್ನಿನ ಬಣ್ಣ, ಅದರ ತುಂಬ ಗುಳ್ಳೆ.

ಮರುದಿನ ಫೋನಿನಲ್ಲಿ ಅವನ ಪ್ರಶ್ನೆ: “ಸರ್, ತಣ್ಣಗಾದ ಮೇಲೆ ತಾನಾಗಿಯೇ ಸರಿಹೋಯಿತಲ್ಲ, ಮತ್ತೆ ಬದಲಾಯಿಸುವ ಅಗತ್ಯವೇನಿತ್ತು?” ಒಳ್ಳೆಯ ಪ್ರಶ್ನೆಯೇ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ, ಅದಕ್ಕೇ ಪೆಡಲ್ ಗಟ್ಟಿಯಾಯಿತು. ಆದರೆ ಅದು ಹೊಸ ದ್ರವವಾಗಲಿಲ್ಲ. ಒಳಗಿನ ನೀರು ಒಳಗೇ ಇದೆ. ದ್ರವ ಈಗ ಯಾವ ಉಷ್ಣತೆಯಲ್ಲಿ ಕುದಿಯುತ್ತದೆ ಎಂಬುದು ಯಾರಿಗೂ ತಿಳಿಯದು. ಹೆದ್ದಾರಿಯಲ್ಲಿ ಮುಂದಿನ ಲಾರಿ ಥಟ್ಟನೆ ನಿಂತಾಗ ಅದನ್ನು ಪರೀಕ್ಷಿಸುವುದು ಬೇಡ ಎಂದೆ. ಆ ಮೆಕ್ಯಾನಿಕ್ ಪಾಸ್ಕಲನ ಹೆಸರು ಕೇಳಿದ್ದನೋ ಇಲ್ಲವೋ. ಭೌತಶಾಸ್ತ್ರ ಮಾತ್ರ ಚೆನ್ನಾಗಿ ಗೊತ್ತಿತ್ತು.

ಸಣ್ಣ ಸಾಮಾನಿನ ದೊಡ್ಡ ಕೆಲಸ

ಟ್ರ್ಯಾಕಿನ ಹುಚ್ಚು ಹತ್ತಿದವರು ದೊಡ್ಡ ಡಿಸ್ಕು, ದುಬಾರಿ ಪ್ಯಾಡುಗಳಿಗೆ ಹಣ ಸುರಿಯುತ್ತಾರೆ. ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಸುವವರೂ ಇದ್ದಾರೆ. ಬಣ್ಣದಿಂದ ಬ್ರೇಕು ತಂಪಾದ ಉದಾಹರಣೆ ನಾನು ಕಂಡಿಲ್ಲ. ಯಾರ ಕಣ್ಣಿಗೂ ಬೀಳದೆ ಉಳಿಯುವುದು ಪಿನ್ನು, ಕ್ಲಿಪ್ಪು, ರಬ್ಬರು, ಬೋಲ್ಟುಗಳು.

ಸಾಮಾನ್ಯ ಕಾರುಗಳ ಮುಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಪಕ್ಕದಲ್ಲಿ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರ್ ಪೂರ್ತಿಯಾಗಿ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಹೀಗೆ ಜಾರಲು ಎರಡು ಗೈಡ್ ಪಿನ್ನುಗಳು, ಅವಕ್ಕೆ ಧೂಳು ತಾಗದಂತೆ ರಬ್ಬರ್ ಟೋಪಿಗಳು. ಟ್ರ್ಯಾಕಿನ ಬಿಸಿಗೆ ಮೊದಲು ಬಲಿಯಾಗುವವು ಈ ಟೋಪಿಗಳೇ. ರಬ್ಬರು ಬಿರಿದರೆ ಧೂಳು, ತೇವ ಒಳಹೊಕ್ಕು ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಆಗ ಒಂದೇ ಪ್ಯಾಡು ದುಡಿದು ಸವೆಯುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಅಥವಾ ಪ್ಯಾಡು ಒಂದು ತುದಿ ದಪ್ಪ ಒಂದು ತುದಿ ತೆಳು ಆಗಿ ಬೆಣೆಯಂತೆ ಸವೆಯುತ್ತದೆ. ಬ್ರೇಕು ಪೂರ್ತಿ ಬಿಡದೆ ಡಿಸ್ಕನ್ನು ಸದಾ ಉಜ್ಜುತ್ತಿದ್ದರಂತೂ ನೇರ ದಾರಿಯಲ್ಲೂ ತಣಿಯಲು ಬಿಡುವಿಲ್ಲ. ಪಿನ್ನುಗಳನ್ನು ಬಿಚ್ಚಿ, ಒರೆಸಿ, ಹೆಚ್ಚಿನ ಬಿಸಿ ತಾಳುವ ಸಿಲಿಕೋನ್ ಗ್ರೀಸ್ ಸವರಿ ಕೂರಿಸುವುದು ಅರ್ಧ ಗಂಟೆಯ ಕೆಲಸ. ಚಕ್ರದ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಹಾಕಿದರೆ ಬ್ರೇಕಿನ ರಬ್ಬರು ಉಬ್ಬಿ ಕೆಟ್ಟುಹೋಗುತ್ತದೆ.

ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಬಳೆ ಇರುತ್ತದೆ. ದ್ರವ ಸೋರದಂತೆ ತಡೆಯುವುದಷ್ಟೇ ಅದರ ಕೆಲಸವೆಂದು ನಾವು ತಿಳಿಯುತ್ತೇವೆ. ಬ್ರೇಕ್ ಒತ್ತಿದಾಗ ಈ ಬಳೆ ಪಿಸ್ಟನ್ನಿನ ಜೊತೆ ತುಸು ತಿರುಚಿಕೊಳ್ಳುತ್ತದೆ. ಪಾದ ತೆಗೆದಾಗ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಡಿಸ್ಕ್ ಬ್ರೇಕು ‘ಬಿಡುವುದು’ ಈ ಪುಟ್ಟ ರಬ್ಬರಿನ ಸ್ಥಿತಿಸ್ಥಾಪಕ ಗುಣದಿಂದ. ಬಿಸಿಗೆ ಬೆಂದು ಅದು ಗಟ್ಟಿಯಾದರೆ ಪಿಸ್ಟನ್ ಹಿಂದೆ ಸರಿಯದು.

ಪ್ಯಾಡು ತೆಳುವಾದಷ್ಟೂ ಅಪಾಯ ಏಕೆ ಹೆಚ್ಚು ಎಂಬುದೂ ಇಲ್ಲೇ ತಿಳಿಯುತ್ತದೆ. ಪ್ಯಾಡು ಬರೀ ಉಜ್ಜುವ ವಸ್ತುವಲ್ಲ. ಕಾದ ಡಿಸ್ಕಿಗೂ ಪಿಸ್ಟನ್ನಿನ ಹಿಂದಿನ ದ್ರವಕ್ಕೂ ನಡುವೆ ಇರುವ ಗೋಡೆಯೂ ಹೌದು. ಪೇಟೆಯಲ್ಲಿ ಇನ್ನೂ ಆರು ತಿಂಗಳು ಬಂದೀತು ಎನ್ನುವಂಥ ಅರ್ಧ ಸವೆದ ಪ್ಯಾಡನ್ನು ಟ್ರ್ಯಾಕಿಗೆ ಒಯ್ಯಬಾರದು. ಒಂದು ದಿನದಲ್ಲೇ ಅದು ಲೋಹದ ತಗಡಿನವರೆಗೆ ಸವೆಯಬಹುದು.

ಇನ್ನು ಬ್ಲೀಡ್ ನಿಪ್ಪಲ್. ವ್ಯವಸ್ಥೆಯೊಳಗಿನ ಗಾಳಿ ತೆಗೆಯಲು ಕ್ಯಾಲಿಪರಿನ ಮೇಲಿರುವ, ಕಿರುಬೆರಳಿನ ತುದಿಯಷ್ಟು ಸಣ್ಣ ತಿರುಪು. 1999ರ ಜುಲೈ 11ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ಮೈಕೆಲ್ ಶೂಮಾಕರನ ಫೆರಾರಿ ಮೊದಲ ಸುತ್ತಿನಲ್ಲೇ ತಿರುವಿನಲ್ಲಿ ನಿಲ್ಲದೆ ನೇರವಾಗಿ ಟೈರುಗಳ ಗೋಡೆಗೆ ನುಗ್ಗಿತು. ಅವನ ಬಲಗಾಲು ಮುರಿಯಿತು. ಆರು ರೇಸುಗಳನ್ನು ಕಳೆದುಕೊಂಡ, ಆ ವರ್ಷದ ಚಾಂಪಿಯನ್ ಪಟ್ಟ ಕೈತಪ್ಪಿತು. ಹಿಂದಿನ ಬ್ರೇಕಿನ ಬ್ಲೀಡ್ ನಿಪ್ಪಲ್ ಸಡಿಲಗೊಂಡು ದ್ರವ ಸೋರಿದ್ದೇ ಕಾರಣವೆಂದು ಬಳಿಕ ತಂಡವೇ ತಿಳಿಸಿತು. ಜಗತ್ತಿನ ಅತಿ ನುರಿತ ಮೆಕ್ಯಾನಿಕ್ಕುಗಳಿದ್ದ ತಂಡದಲ್ಲಿ ಹೀಗಾಯಿತು. ನಮ್ಮ ಕಾರಿಗೆ ದ್ರವ ಬದಲಾಯಿಸಿದ ಮೇಲೆ ನಾಲ್ಕೂ ನಿಪ್ಪಲ್‌ಗಳನ್ನು ಒರೆಸಿ, ಬೇರೊಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ ತೇವವಿದೆಯೇ ಎಂದು ಬೆರಳಿಟ್ಟು ನೋಡಲು ಎರಡು ನಿಮಿಷ ಸಾಕು.

ಕ್ಯಾಲಿಪರಿನ ಬೋಲ್ಟುಗಳಿಗೂ ಇದೇ ಮಾತು. ಅವನ್ನು ತೋಳಿನ ಅಂದಾಜಿಗೆ ಬಿಗಿಯುವುದಲ್ಲ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಪ್ಯಾಡು ಬದಲಾಯಿಸುವಾಗ ಕ್ಯಾಲಿಪರನ್ನು ಹೋಸಿನ ಮೇಲೆ ನೇತುಬಿಡುವ ಅಭ್ಯಾಸ ಎಷ್ಟೋ ಗ್ಯಾರೇಜುಗಳಲ್ಲಿದೆ. ಹೋಸಿನ ಒಳಪದರ ಹರಿದರೆ ಹೊರಗಿನಿಂದ ಕಾಣುವುದಿಲ್ಲ. ತಂತಿಯೊಂದರಿಂದ ಮೇಲಕ್ಕೆ ಕಟ್ಟಿದರೆ ಆಯಿತು. ಬ್ರೇಕಿನ ಧೂಳನ್ನು ಗಾಳಿಯ ಪೈಪಿನಿಂದ ಊದುವುದೂ ಬೇಡ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಈಗಿನ ಧೂಳೂ ಶ್ವಾಸಕೋಶಕ್ಕೆ ಹಿತವಲ್ಲ, ಒದ್ದೆ ಬಟ್ಟೆಯಿಂದ ಒರೆಸಿ.

ಡಿಸ್ಕಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆಯನ್ನು ಬಹಳಷ್ಟು ಡಿಸ್ಕುಗಳ ಮೇಲೆಯೇ ಕೆತ್ತಿರುತ್ತಾರೆ. ಅಂದಕ್ಕಾಗಿ ತೂತು ಕೊರೆದ ಡಿಸ್ಕುಗಳಲ್ಲಿ ತೂತಿನ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಕಂಡರೆ ಕಣ್ಣಿಡಬೇಕು. ಗೆರೆ ಉಗುರಿಗೆ ಸಿಕ್ಕುವಂತಾದರೆ ಅಥವಾ ಡಿಸ್ಕಿನ ಅಂಚಿಗೆ ಬಂದು ಮುಟ್ಟಿದರೆ ಆ ಡಿಸ್ಕು ಗುಜರಿಗೆ. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ‘ಡಿಸ್ಕ್ ಬೆಂಡಾಗಿದೆ’ ಎನ್ನುವುದು ರೂಢಿ. ಬಹಳ ಸಲ ಅದು ಬಾಗಿರುವುದಿಲ್ಲ. ಕಾದ ಪ್ಯಾಡು ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಅಂಟಿಕೊಂಡು ದಪ್ಪ ಏರುಪೇರಾಗಿರುತ್ತದೆ.

ಸರದಿ ಮುಗಿದ ಮೇಲೆ

ಟ್ರ್ಯಾಕಿನಲ್ಲಿ ಬ್ರೇಕು ಹೆಚ್ಚು ತೊಂದರೆ ಪಡುವುದು ಓಡುವಾಗ ಎಂದು ಅನಿಸುತ್ತದೆ. ಓಡುವಾಗ ಗಾಳಿಯಾದರೂ ಇರುತ್ತದೆ. ಡಿಸ್ಕಿನ ಎರಡು ಮೈಗಳ ನಡುವಿನ ಸೀಳುಗಳು ತಿರುಗುವಾಗ ಫ್ಯಾನಿನಂತೆ ಗಾಳಿಯನ್ನು ನಡುವಿನಿಂದ ಎಳೆದು ಹೊರಕ್ಕೆ ಎಸೆಯುತ್ತವೆ. ಕಾರು ನಿಂತಿತೋ, ಫ್ಯಾನೂ ನಿಂತಿತು. ಐನೂರು ಡಿಗ್ರಿ ಕಾದ ಡಿಸ್ಕಿನ ಉಷ್ಣವೆಲ್ಲ ಪ್ಯಾಡು, ಪಿಸ್ಟನ್ನುಗಳ ಮೂಲಕ ದ್ರವದ ಕಡೆ ಹರಿಯತೊಡಗುತ್ತದೆ. ಓಡುವಾಗ ಕುದಿಯದ ದ್ರವ ನಿಂತ ಐದು ನಿಮಿಷದಲ್ಲಿ ಕುದಿಯಬಹುದು. ಹೀಗಾಗಿ ಪ್ರತಿ ಸರದಿಯ ಕೊನೆಯ ಸುತ್ತನ್ನು, ಆದಷ್ಟು ಬ್ರೇಕ್ ಮುಟ್ಟದೆ, ಮೇಲಿನ ಗೇರಿನಲ್ಲಿ ನಿಧಾನವಾಗಿ ಓಡಿಸಬೇಕು. ನಿಲ್ಲಿಸಿದ ಮೇಲೆ ಪೆಡಲ್ ಒತ್ತಿಕೊಂಡು ಕೂರಬಾರದು, ಹ್ಯಾಂಡ್‌ಬ್ರೇಕ್ ಎಳೆಯಬಾರದು. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಸುರಿಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಕಾದ ಲೋಟಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಎಲ್ಲರೂ ಬಲ್ಲರು.

ಪೆಡಲಿನ ಆಳ ಸರದಿಯಿಂದ ಸರದಿಗೆ ಬದಲಾದರೆ ಅದನ್ನು ಅಲಕ್ಷಿಸಬಾರದು. ಒಂದೇ ಒಂದು ಬಾರಿ ಆಳಕ್ಕೆ ಹೋಗಿ ಎರಡನೆಯ ತುಳಿತಕ್ಕೆ ಸರಿಯಾದರೆ ದ್ರವವೇ ಕಾರಣವೆಂದಲ್ಲ. ಚಕ್ರದ ಬೇರಿಂಗಿನಲ್ಲಿ ಪ್ಲೇ ಇದ್ದು, ತಿರುವಿನಲ್ಲಿ ಡಿಸ್ಕು ವಾಲಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರಬಹುದು. ಕಾರಣ ಯಾವುದೇ ಇರಲಿ, ತಿಳಿಯುವವರೆಗೆ ಮುಂದಿನ ಸರದಿಗೆ ಇಳಿಯುವುದು ಬೇಡ. ಎ.ಬಿ.ಎಸ್. ಇದೆಯಲ್ಲ ಎಂಬ ಧೈರ್ಯವೂ ಸಲ್ಲದು. ಅದು ಚಕ್ರ ಕಟ್ಟಿಕೊಂಡು ಜಾರದಂತೆ ಒತ್ತಡವನ್ನು ಬಿಟ್ಟು ಹಿಡಿಯುವ ಸಾಧನ. ಇಲ್ಲದ ಒತ್ತಡವನ್ನು ಅದು ಎಲ್ಲಿಂದ ತಂದೀತು?

ಹೊರಡುವ ಮುನ್ನ ಚಕ್ರದ ನಟ್ಟುಗಳನ್ನು ತಣ್ಣಗಾದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ. ಕಾದು ತಣಿದ ಲೋಹ ಬಿಗಿ ಕಳೆದುಕೊಳ್ಳುತ್ತದೆ. ಪ್ಯಾಡಿನ ದಪ್ಪವನ್ನು ಒಳಗಿನದೂ ಹೊರಗಿನದೂ ಬೇರೆ ಬೇರೆಯಾಗಿ ಅಳೆಯಿರಿ. ದ್ರವದ ಡಬ್ಬಿಯ ಮಟ್ಟ ನೋಡಿ. ಪ್ಯಾಡು ಸವೆದಷ್ಟು ಮಟ್ಟ ಇಳಿಯುವುದು ಸಹ­ಜ, ಅದಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಹೊಸ ದ್ರವ ಬೇಕಾದಾಗ ಸೀಲು ಒಡೆಯದ ಡಬ್ಬಿಯನ್ನೇ ಕೊಳ್ಳಿ. ಕಳೆದ ವರ್ಷ ಅರ್ಧ ಬಳಸಿ ಉಳಿಸಿದ್ದು ಅಷ್ಟರಲ್ಲಾಗಲೇ ತೇವ ಕುಡಿದಿರುತ್ತದೆ. ತೆಗೆದ ಹಳೆಯ ದ್ರವ ಕಾರಿನ ಮೈಗೆ ತಾಗದಂತೆ ಎಚ್ಚರವಿರಲಿ, ಬಣ್ಣ ಕಿತ್ತುಬರುತ್ತದೆ. ತಾಗಿದರೆ ಉಜ್ಜದೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಅದನ್ನು ಚರಂಡಿಗೆ ಸುರಿಯದೆ ಮುಚ್ಚಳವಿರುವ ಬಾಟಲಿಯಲ್ಲಿ ತುಂಬಿ, ಮೇಲೆ ಹೆಸರು ಬರೆದು, ಹಳೆಯ ಎಂಜಿನ್ ಆಯಿಲ್ಲಿನೊಡನೆ ಬೆರೆಸದೆ ಬೇರೆಯಾಗಿಯೇ ಗ್ಯಾರೇಜಿಗೆ ಕೊಡಿ.